ದುರ್ಬೀನಿನ ಬಾಯಿಗೆ ಒಂದು ಎಳೆ ಗರಿಕೆ

ಆಗೆಲ್ಲ ನಮ್ಮ ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಡುತ್ತಿದ್ದವರು ಎರಡೇ ತರದವರು. ದಿನಕ್ಕೆ ಮೂರು ಸಲ ಅಂಗಿ ಬದಲಿಸುವಷ್ಟು ಇದ್ದವರು, ಇಲ್ಲವೇ ಊರಿಗೆ ಹೊಸಬರು. ಉಳಿದ ನಾವೆಲ್ಲ ಕೆಂಪಿನವರು. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಹಗಲೂ ರಾತ್ರಿ ನಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದ ಕಾಲ ಅದು. ನಿಮಗೂ ನೆನಪಿರಬಹುದು. ಒಣಹಾಕಿದ ಹಪ್ಪಳದ ಮೇಲೆ, ಬೇವಿನ ಎಲೆಯ ಮೇಲೆ, ನಮ್ಮ ಮೂಗಿನೊಳಗೆ, ಎಲ್ಲ ಕಡೆ ಅದೇ ಕೆಂಪು ಧೂಳು. ನಾವು ಮಕ್ಕಳು ಕಟ್ಟೆಯ ಮೇಲೆ ಕೂತು, ಶೇಂಗಾ ತಿನ್ನುತ್ತ, ಮುಂದಿನ ಲಾರಿಯ ಹಣೆಯ ಮೇಲೆ ಯಾವ ದೇವರ ಹೆಸರಿದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಆ ಧೂಳಿಗೂ ನನಗೂ ಒಂದು ಲೆಕ್ಕ ಬಾಕಿಯಿದೆ. ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮದು ಸಂಡೂರು ರಸ್ತೆಯ ಬದಿಗೆ ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯ ನಡುವೆ ಬೆಳಕಿಂಡಿ. ಮಾಳಿಗೆಯ ಮೇಲೆ ನಿಂತು ಅದರೊಳಗೆ ಬಗ್ಗಿದರೆ ಅಜ್ಜಿ ಏನು ಮಾಡುತ್ತಿದ್ದಾಳೆಂದು ಕಾಣುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ನಾನು, ಮತ್ತೆ ಅಪ್ಪನ ತಮ್ಮ ಬಸು ಕಾಕಾ. ಕಾಕಾನಿಗೆ ಇನ್ನೂ ಮದುವೆಯಾಗಿರಲಿಲ್ಲ. ಬೆಳಿಗ್ಗೆ ಹಂಪಿಗೆ ಹೋಗಿ ಪ್ರವಾಸಿಗರ ಫೋಟೋ ತೆಗೆಯುತ್ತಿದ್ದ, ಸೀಜನ್ನಿನಲ್ಲಿ ಮದುವೆಗಳಿಗೆ ಹೋಗುತ್ತಿದ್ದ. ಅವನು ತೆಗೆದ ಫೋಟೋದಲ್ಲಿ ಕುರೂಪಿಗಳೂ ಚೆಂದ ಕಾಣುತ್ತಾರೆ ಎಂದು ಓಣಿಯವರು ಹೇಳುತ್ತಿದ್ದರು. ನನ್ನ ಫೋಟೋವನ್ನು ಎಷ್ಟೋ ಸಲ ತೆಗೆದಿದ್ದ, ಹಾಗಾಗಿ ಆ ಮಾತಿಗೆ ನಾನೇ ಸಾಕ್ಷಿ. ಅಜ್ಜಿಗಂತೂ ಕಾಕಾ ಅಂದರೆ ಜೀವ. ಅವನು ಉಂಡ ತಟ್ಟೆಯಲ್ಲಿ ಏನಾದರೂ ಉಳಿದರೆ ದಿನವಿಡೀ ಕೊರಗುತ್ತಿದ್ದಳು.

ಸಂಡೂರಿನ ಗಣಿಯಲ್ಲಿದ್ದ ಇಂಜಿನಿಯರ್ ಒಬ್ಬರು ವರ್ಗವಾಗಿ ಊರು ಬಿಡುವಾಗ ಮಂಚ, ಬೀರು, ಮಿಕ್ಸಿಗಳ ಜೊತೆ ಒಂದು ದುರ್ಬೀನನ್ನೂ ಮಾರಿದರು. ಬೇರೆಯವರು ಬೀರುವಿಗೆ ಜಗಳಾಡುವಾಗ ಕಾಕಾ ಸುಮ್ಮನೆ ದುರ್ಬೀನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ್ದ. ನನ್ನ ತೋಳಿನಷ್ಟು ಉದ್ದದ ಬಿಳಿ ಕೊಳವೆ, ಮೂರು ಕಾಲು. ಕಣ್ಣಿಡುವ ಕಡೆಯ ಗಾಜು ತೆಗೆದು ಅಲ್ಲಿ ಅವನ ಕ್ಯಾಮೆರಾ ಕೂರಿಸಲು ಬರುತ್ತದೆಂದು ತಿಳಿದ ದಿನ ಅವನು ಊಟವನ್ನೇ ಮರೆತ. ಎರಡನ್ನೂ ಜೋಡಿಸಲು ಒಂದು ಕಬ್ಬಿಣದ ಬಳೆ ಬೇಕಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಲೇತ್ ಅಂಗಡಿಯಲ್ಲಿ ಮೂರು ಸಲ ಕಡೆಸಿ ಅದನ್ನೂ ಮಾಡಿಸಿದ. ಆ ವರ್ಷ ಸಂಕ್ರಾಂತಿಯ ಮರುದಿನವೇ ಅಮಾವಾಸ್ಯೆ, ಅವತ್ತೇ ನಡುಹಗಲಿಗೆ ಸೂರ್ಯಗ್ರಹಣ. ಅದರ ಫೋಟೋ ತೆಗೆಯುತ್ತೇನೆಂದು ಕಾಕಾ ಹಟ ಹಿಡಿದ.

"ಬ್ಯಾಡೋ ಬಸ್ಯಾ," ಅಂದಳು ಅಜ್ಜಿ. "ಗ್ರಹಣ ಹಿಡಿದ ಸೂರ್ಯನ್ನ ಬರೇ ಕಣ್ಣೀಲೆ ನೋಡಬಾರ್ದು ಅಂತಾರ. ನೀ ದುರ್ಬೀನ್ ಹಚ್ಚಿ ಹತ್ರ ಕರ್ಕೊಂಡು ನೋಡ್ತೀನಿ ಅಂತೀಯಲ್ಲ."

"ಬರೇ ಕಣ್ಣೀಲೆ ಯಾರು ನೋಡ್ತಾರಬೇ? ಅದಕ್ಕ ಫಿಲ್ಟರ್ ಐತಿ."

ಇಂಜಿನಿಯರ್ ಕೊಟ್ಟ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕಪ್ಪು ಗಾಜಿತ್ತು. ನಾಲ್ಕಾಣೆಯಷ್ಟು ಅಗಲ, ಅಂಚಿಗೆ ತಿರುಪು. ಅದು ಕಣ್ಣಿಡುವ ತುದಿಗೇ ಸರಿಯಾಗಿ ಕೂರುತ್ತಿತ್ತು. ಕೊಳವೆಯ ಮುಂದಿನ ಬಾಯಿ ಊಟದ ಡಬ್ಬಿಯಷ್ಟು ಅಗಲ, ಅದಕ್ಕೆ ಏನೂ ಇರಲಿಲ್ಲ. ಗ್ರಹಣಕ್ಕೆ ಹದಿನೈದು ದಿನ ಮೊದಲು ಒಂದು ಮಧ್ಯಾಹ್ನ ಕಾಕಾ ಆ ಗಾಜನ್ನು ಹಿಂದಿನ ತುದಿಗೆ ತಿರುಪಿ ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿದ. ಪುಣ್ಯಕ್ಕೆ ಕಣ್ಣಿಡಲಿಲ್ಲ. ಹಿಂದೆ ಹಳೆಯ ಪೇಪರ್ ಹಿಡಿದು ನಿಂತ. ನಾನು ಪಕ್ಕದಲ್ಲೇ ಕೂತು ಪೇರಲಹಣ್ಣು ತಿನ್ನುತ್ತಿದ್ದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ 'ಟಕ್' ಅಂತ ಒಂದು ಸದ್ದು. ಗಾಜು ಸೀಳಿ ಎರಡಾಗಿತ್ತು. ಪೇಪರಿನ ಮೇಲೆ ಮೊದಲು ಒಂದು ಬಿಳಿ ಚುಕ್ಕೆ, ಅದು ಕಂದಾಗಿ, ಕಪ್ಪಾಗಿ, ಹೊಗೆಯಾಡಿ ತೂತಾಯಿತು.

ಬೆಳಕಿಂಡಿಯೊಳಗಿಂದ ಅಜ್ಜಿಯ ದನಿ ಬಂತು. "ಏನೋ ಸುಟ್ಟ ವಾಸನಿ ಬರ್ತೈತಿ, ಏನದು?"

"ಏನಿಲ್ಲಬೇ, ಪೇಪರ್," ಅಂದ ಕಾಕಾ. ಆ ತೂತಿನೊಳಗೆ ಕಿರುಬೆರಳು ಹಾಕಿ ನೋಡಿ, ಪೇಪರನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ನನಗೆ ಪೇರಲಹಣ್ಣು ಬೇಡವಾಯಿತು.

ಅವತ್ತು ಸಂಜೆ ಅವನು ನನಗೆ ಹೇಳಿದ ಮಾತನ್ನು ನಾನೀಗ ಮಕ್ಕಳಿಗೆ ಹೇಳುತ್ತೇನೆ. "ನೋಡು ಪಂಪಿ, ದುರ್ಬೀನ್ ಅಂದ್ರ ಅಷ್ಟೂ ಬಿಸಿಲು ಹಿಡಿದು ಒಂದು ಕಡೆ ಕೂಡ್ಸೋದು. ಕಳ್ಳನ್ನ ತಲಬಾಗಿಲಾಗ ತಡೀಬೇಕು. ದೇವರ ಮನಿತನಕ ಬಂದ ಮ್ಯಾಲೆ ಚಿಲಕ ಹಾಕಿದ್ರ ಏನು ಬಂತು? ಫಿಲ್ಟರ್ ಮುಂದ ಇರಬೇಕು, ಹಿಂದ ಅಲ್ಲ."

ಬೆಂಗಳೂರಿನಿಂದ ಒಂದು ಬೆಳ್ಳಿ ಬಣ್ಣದ ಹಾಳೆ ತರಿಸಿದ. ಅದನ್ನು ಕಣ್ಣಿಗೆ ಹಿಡಿದರೆ ಮನೆಯಿಲ್ಲ, ಮರವಿಲ್ಲ, ಕೈಯಿಲ್ಲ. ಎಲ್ಲ ಕಪ್ಪು. ಆ ಕಪ್ಪಿನ ನಡುವೆ ಸೂರ್ಯ ಮಾತ್ರ ಸಣ್ಣ ಪುಟಾಣಿ ಕಾಳಿನಷ್ಟು ಕಾಣುತ್ತಿದ್ದ. ನನಗೆ ಅದು ಹಿಡಿಸಲಿಲ್ಲ, ಬೇಗ ಇಳಿಸಿಬಿಟ್ಟೆ. ಕಾಕಾ ಮಿಠಾಯಿ ಡಬ್ಬಿಯ ರಟ್ಟನ್ನು ಬಳೆಯ ಹಾಗೆ ಸುತ್ತಿ, ಮೈದಾ ಅಂಟು ಹಚ್ಚಿ, ಆ ಹಾಳೆಯನ್ನು ಅದಕ್ಕೆ ಕೂರಿಸಿ ಒಂದು ಮುಚ್ಚಳ ಮಾಡಿದ. ದುರ್ಬೀನಿನ ಬಾಯಿಗೆ ಅದು ಬಿಗಿಯಾಗಿ ಕೂತಿತು. ಮೇಲೆ ಮೂರು ಕಡೆ ಟೇಪು. ನನಗೂ ಓಣಿಯ ಮಕ್ಕಳಿಗೂ ಕಟ್ಟಪ್ಪಣೆಯಾಯಿತು. "ಈ ಮುಚ್ಚಳ ಯಾರೂ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಕಾಲು ಮುರೀತೀನಿ." ಕಾಕಾ ಹಾಗೆಲ್ಲ ಬೈಯುವವನಲ್ಲ. ಅದಕ್ಕೇ ಆ ಮಾತಿಗೆ ನಾನು ಅಷ್ಟು ಹೆದರಿದ್ದು.

ಸಂಕ್ರಾಂತಿಯ ದಿನ ಎಲ್ಲ ಸರಿಯಾಗಿಯೇ ಇತ್ತು. ಹಂಪಿಗೆ ಹೋಗಿ ಹೊಳೆಯಲ್ಲಿ ಮುಳುಗಿ, ಬಂಡೆಯ ಮೇಲೆ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ತಿಂದೆವು. ಕಂಪ್ಲಿ ಕಡೆಯ ಕಬ್ಬು ಸಿಗಿದು ಬಾಯಿಯೆಲ್ಲ ಉರಿಯಾಗಿತ್ತು. ಅಜ್ಜಿ ಕಾಕಾನ ತಟ್ಟೆಗೆ ಮೂರನೆಯ ಹೋಳಿಗೆ ಹಾಕಿದಳು. ಅವನು ಬೇಡ ಬೇಡ ಅನ್ನುತ್ತಲೇ ತಿಂದ. ಅವಳ ಕೈಯಿಂದ ಅವನು ಮನಸಾರೆ ಉಂಡ ಕೊನೆಯ ಊಟ ಅದೇ ಎಂದು ಅಲ್ಲಿ ಯಾರಿಗೆ ಗೊತ್ತಿತ್ತು?

ಮರುದಿನ ಬೆಳಿಗ್ಗೆಯೇ ಅಜ್ಜಿ ನನ್ನ ಕೈಗೆ ಒಂದು ಹಿಡಿ ಗರಿಕೆ ಕೊಟ್ಟಳು. ಗ್ರಹಣ ಹಿಡಿಯುವ ಮೊದಲು ಹಾಲು, ಮೊಸರು, ಉಪ್ಪಿನಕಾಯಿ, ಕುಡಿಯುವ ನೀರು, ರೊಟ್ಟಿ ಬುಟ್ಟಿ, ಎಲ್ಲದರೊಳಗೂ ಒಂದೊಂದು ಎಳೆ ಗರಿಕೆ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಗ್ರಹಣದ ವಿಷ ಇಳಿಯುತ್ತದೆ. ಪ್ರತಿ ಗ್ರಹಣಕ್ಕೂ ಅದು ಮನೆಯ ಸಣ್ಣವರ ಕೆಲಸ.

"ಮುಚ್ಚಳ ಇರೋದು ಒಂದೂ ಬಿಡಬ್ಯಾಡವಾ," ಅಂದಳು. "ಮುಚ್ಚಳ ತೆಗಿ, ಗರಿಕಿ ಹಾಕು, ಮುಚ್ಚು."

ಹಾಕುತ್ತ ಬಂದೆ. ಅಡುಗೆಮನೆ ಮುಗಿಯಿತು, ಪಡಸಾಲೆಯ ಕೊಡ ಮುಗಿಯಿತು. ಕೈಯಲ್ಲಿ ಒಂದು ಎಳೆ ಉಳಿಯಿತು. ಆಗ ನನಗೆ ದುರ್ಬೀನಿನ ನೆನಪಾಯಿತು. ಅದಕ್ಕೂ ಮುಚ್ಚಳವಿದೆ. ಮುಚ್ಚಿಟ್ಟ ಹಾಲಿಗೇ ವಿಷ ಇಳಿಯುತ್ತದೆ ಅಂದರೆ, ಕಾಕಾ ಸೂರ್ಯನಿಗೇ ಕಣ್ಣು ಕೊಡುವವನು. ಪೇಪರಿನಲ್ಲಾದ ಆ ತೂತು ಹದಿನೈದು ದಿನದಿಂದ ನನ್ನ ಕಣ್ಣ ಮುಂದೆಯೇ ಇತ್ತು. ಕಾಕಾ ಸ್ನಾನಕ್ಕೆ ಹೋಗಿದ್ದ. ನಾನು ಏಣಿ ಹತ್ತಿ ಮೇಲೆ ಹೋದೆ.

ಮೂರು ಟೇಪುಗಳನ್ನೂ ಮೆಲ್ಲಗೆ ಕಿತ್ತೆ. ಮುಚ್ಚಳ ತೆಗೆದು, ಗರಿಕೆಯನ್ನು ಬಾಯಿಯ ಅಂಚಿಗೆ ಮಡಚಿಟ್ಟು, ಮುಚ್ಚಳ ಒತ್ತಿದೆ. ಮೊದಲಿನಷ್ಟು ಒಳಗೆ ಹೋಗಲಿಲ್ಲ. ಕಿತ್ತ ಟೇಪುಗಳನ್ನು ಮಾಳಿಗೆಯ ಅಂಚಿನ ಮೇಲೆ ಇಟ್ಟಿದ್ದೆ. ಎತ್ತಿಕೊಂಡಾಗ ಅಂಟಿನ ಕಡೆಯೆಲ್ಲ ಕೆಂಪು ಧೂಳು. ಲಂಗಕ್ಕೆ ಒರೆಸಿ, ಇದ್ದ ಜಾಗಕ್ಕೇ ಹಚ್ಚಿ, ಹೆಬ್ಬೆರಳಿನಿಂದ ಜೋರಾಗಿ ಉಜ್ಜಿದೆ. ನೋಡಲು ಮೊದಲಿನ ಹಾಗೇ ಕಾಣುತ್ತಿತ್ತು. ಕಾಕಾನನ್ನು ಕಾಪಾಡಿದೆ ಎಂಬ ಸಮಾಧಾನದಿಂದ ಕೆಳಗಿಳಿದು ಬಂದೆ.

ಹನ್ನೊಂದು ದಾಟುತ್ತಲೇ ಗ್ರಹಣ ಹಿಡಿಯಿತು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಕದ್ದು ಬಂದ ನಾಲ್ಕು ಮಕ್ಕಳು ಸರದಿಯಲ್ಲಿ ದುರ್ಬೀನಿಗೆ ಕಣ್ಣಿಟ್ಟರು. ನಾನೂ ಇಟ್ಟೆ. ಯಾರೋ ಒಂದು ಕಡೆ ಕಚ್ಚಿದ ರೊಟ್ಟಿಯಂತಿದ್ದ ಸೂರ್ಯ. ಯಾರಿಗೂ ಏನೂ ಆಗಲಿಲ್ಲ. ಹನ್ನೆರಡೂವರೆಯ ಹೊತ್ತಿಗೆ ಬಿಸಿಲು ಬಿಸಿಲಿನಂತಿರಲಿಲ್ಲ. ಮೋಡವಿಲ್ಲ, ಆದರೂ ಬೆಳಕು ಮಂಕು. ಬೇವಿನ ಮರದ ನೆರಳಿನೊಳಗೆ ಸಣ್ಣ ಸಣ್ಣ ಕುಡುಗೋಲಿನಂಥ ಬೆಳಕು, ಸಾವಿರ ಕುಡುಗೋಲು, ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತಿದ್ದವು. ಅದನ್ನು ನೋಡಿದ್ದೇ ಮಕ್ಕಳು ಒಬ್ಬೊಬ್ಬರಾಗಿ ಮನೆಗೆ ಓಡಿದರು. ರಸ್ತೆಯಲ್ಲಿ ಲಾರಿಗಳೂ ನಿಂತಿದ್ದವು. ನಾನು ಹುಟ್ಟಿದಾಗಿನಿಂದ ಆ ರಸ್ತೆ ಅಷ್ಟು ಸುಮ್ಮನಿದ್ದದ್ದನ್ನು ಕಂಡಿರಲಿಲ್ಲ.

ಕೆಳಗೆ ಅಜ್ಜಿ ಪಡಸಾಲೆಯಲ್ಲಿ ಹಿತ್ತಾಳೆ ತಟ್ಟೆಗೆ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸಲು ಕೂತಿದ್ದಳು. ಗ್ರಹಣ ಹಿಡಿದಿರುವ ತನಕ ಒನಕೆ ಆಸರೆಯಿಲ್ಲದೆ ನೆಟ್ಟಗೆ ನಿಲ್ಲುತ್ತದೆ, ಬಿಟ್ಟಾಗ ತಾನೇ ಬೀಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

"ನಿಂತೈತಿ ನೋಡವಾ ಪಂಪಿ!" ಎಂದು ಬೆಳಕಿಂಡಿಯೊಳಗಿಂದ ಕೂಗಿದಳು.

"ಹೋಗಿ ನೋಡಿ ಬಾ," ಅಂದ ಕಾಕಾ. ಅವನು ಕಣ್ಣಿಡುವ ಗಾಜು ತೆಗೆದು ಕ್ಯಾಮೆರಾ ಕೂರಿಸುತ್ತಿದ್ದ. ಅದರ ಭಾರಕ್ಕೆ ದುರ್ಬೀನಿನ ಬಾಯಿ ಒಮ್ಮೆ ಮೇಲಕ್ಕೆ ಜಿಗಿಯಿತು. ಮತ್ತೆ ಸೂರ್ಯನನ್ನು ಹಿಡಿದು, ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಬೆರಳಿನಿಂದ ಅದೇನೋ ತಿರುಗಿಸತೊಡಗಿದ. "ಇನ್ನ ಯಾರೂ ಮುಟ್ಟಬ್ಯಾಡ್ರಿ. ಅಲುಗಾಡಿದ್ರ ಫೋಟೋ ಕೆಡ್ತೈತಿ."

ನಾನು ಒನಕೆ ನೋಡಲು ಹೋಗಲಿಲ್ಲ. ಯಾಕೆಂದರೆ ಒಂದು ಟೇಪಿನ ತುದಿ ಎದ್ದು ಗಾಳಿಗೆ ಪಟಪಟ ಅನ್ನುವುದನ್ನು ಕಂಡಿದ್ದೆ. ನೋಡುತ್ತಿದ್ದಂತೆ ಎರಡನೆಯದೂ ಬಿಟ್ಟಿತು. ಕೈ ಚಾಚಿ ಒತ್ತಬಹುದಿತ್ತು, ಆದರೆ ಮುಟ್ಟಬೇಡ ಅಂದಿದ್ದ. ಬಾಯಿ ಬಿಟ್ಟು ಹೇಳಬಹುದಿತ್ತು, ಆದರೆ ಹೇಳಿದರೆ ಟೇಪು ಯಾಕೆ ಬಿಟ್ಟಿತೆಂದು ಕೇಳುತ್ತಾನೆ, ಮುಚ್ಚಳ ಮುಟ್ಟಿದ್ದು ಗೊತ್ತಾಗುತ್ತದೆ. ಒಂದು ಉಸಿರು ತಡೆದೆ. ಎರಡನೆಯ ಉಸಿರಿಗೆ ಹೇಳಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಗಾಳಿ ಬೀಸಿತು. ಮುಚ್ಚಳ ಸದ್ದಿಲ್ಲದೆ ಬಿತ್ತು.

"ಅಯ್," ಅಂದ ಕಾಕಾ. ಅಷ್ಟೇ. ಸೊಳ್ಳೆ ಕಚ್ಚಿದವರ ಹಾಗೆ. ಹಿಂದಕ್ಕೆ ಸರಿದು ಕಣ್ಣುಜ್ಜಿಕೊಂಡ. ನಾನು ಕಿರುಚಿದೆ. ಕೆಳಗೆ ಅಜ್ಜಿ ಗಾಬರಿಯಾಗಿ ಎದ್ದಳು, ಅವಳ ಸೀರೆ ತಾಗಿತೋ ಏನೋ, ಒನಕೆ ದಡ್ ಎಂದು ಬಿತ್ತು. ಗ್ರಹಣ ಬಿಡಲು ಇನ್ನೂ ಬಹಳ ಹೊತ್ತಿತ್ತು.

"ಏನಾಗಿಲ್ಲ, ಏನಾಗಿಲ್ಲ," ಅಂದ ಕಾಕಾ. ಮುಚ್ಚಳ ಎತ್ತಿ ಮತ್ತೆ ಹಾಕಿ, ಹೊಸ ಟೇಪು ಸುತ್ತಿ, ಎಡಗಣ್ಣಿನಿಂದ ನೋಡಿ ಎರಡು ಫೋಟೋ ಕೂಡ ತೆಗೆದ. ನೋವೇನೂ ಇರಲಿಲ್ಲ. ನೋವಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸುತ್ತದೆ, ನೋವಿಗೆ ಮದ್ದಿರುತ್ತದೆ. ಸಂಜೆ ಅವನು ದುರ್ಬೀನು ಬಿಚ್ಚಿ ಪೆಟ್ಟಿಗೆಗೆ ಹಾಕಿದ ಮೇಲೆ ನಾನು ಮಾಳಿಗೆಯ ಮೇಲೆಲ್ಲ ಆ ಗರಿಕೆ ಹುಡುಕಿದೆ. ಸಿಗಲಿಲ್ಲ. ಗಾಳಿಗೆ ಹೋಗಿದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನೆಮ್ಮದಿಯಿಂದ ಉಂಡು ಮಲಗಿದೆ. ಹತ್ತು ವರ್ಷದವಳ ನೆಮ್ಮದಿ, ಅದಕ್ಕೇನು ನಾಚಿಕೆ?

ಬೆಳಿಗ್ಗೆ ಕಾಕಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಿದ್ದ. ಎಡಗಣ್ಣು ಮುಚ್ಚುತ್ತಿದ್ದ, ತೆಗೆಯುತ್ತಿದ್ದ.

"ಪಂಪಿ, ಇವತ್ತಿನ ತಾರೀಕು ಎಲ್ಲಿ ಹೋತು?"

"ಅಲ್ಲೇ ಐತಲ್ಲ ಕಾಕಾ."

"ನಿನ್ನೀದು ಕಾಣ್ತೈತಿ, ನಾಳೀದು ಕಾಣ್ತೈತಿ. ನಾ ನೋಡೋದೇ ಕಾಣವಲ್ದು."

ಕಣ್ಣಿನ ಹಿಂದಿನ ಪರದೆ ನಟ್ಟನಡುವೆ ಎಳ್ಳುಕಾಳಷ್ಟು ಸುಟ್ಟಿದೆ ಎಂದರು ಡಾಕ್ಟರು. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ಕೆಲವರಿಗೆ ತಾನೇ ಸರಿಹೋಗುತ್ತದಂತೆ. ನಾವು ಕಾದೆವು. ಬೇಸಿಗೆ ಬಂತು, ಮದುವೆಯ ಸೀಜನ್ ಬಂತು, ಹೋಯಿತು. ಎಡಗಣ್ಣಿನಿಂದ ಎರಡು ಮದುವೆಯ ಫೋಟೋ ತೆಗೆದುಕೊಟ್ಟ. ಆಮೇಲೆ ತನಗೇ ನಂಬಿಕೆ ಸಾಲದೆ ಕ್ಯಾಮೆರಾ ಮಾರಿ, ಕಂಪ್ಲಿಯಲ್ಲಿ ಜೆರಾಕ್ಸ್ ಅಂಗಡಿ ಹಾಕಿ ಅಲ್ಲೇ ನೆಲೆಸಿದ.

ಊರೆಲ್ಲ ಒಂದೇ ಮಾತು: ಗ್ರಹಣ ನೋಡಿದ, ಕಣ್ಣು ಹೋಯಿತು. ಆಮೇಲಿನ ಗ್ರಹಣಗಳಿಗೆ ನಮ್ಮ ಓಣಿಯಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ. ಅಜ್ಜಿ ಮತ್ತೆ ಒನಕೆ ನಿಲ್ಲಿಸಲಿಲ್ಲ. ಅದಕ್ಕಿಂತ ನನ್ನನ್ನು ಸುಟ್ಟದ್ದು ಇನ್ನೊಂದು. ಕಾಕಾ ಅಜ್ಜಿಯ ಜೊತೆ ಮಾತು ಕಡಿಮೆ ಮಾಡಿದ. ಹಬ್ಬಕ್ಕೆ ಬರುವನು, ತಲೆತಗ್ಗಿಸಿ ಉಣ್ಣುವನು, ಅಜ್ಜಿ ಹೋಳಿಗೆ ತಂದರೆ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು" ಅನ್ನುವನು, ಸಂಜೆಯ ಬಸ್ಸಿಗೆ ಹೊರಡುವನು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಕಣ್ಣು ಹೋದ ದುಃಖ ಅಂದುಕೊಂಡೆವು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅಜ್ಜಿ ಒಮ್ಮೆ ನನ್ನ ಜಡೆ ಹೆಣೆಯುತ್ತ ಕೇಳಿದಳು.

"ನಾ ಏನು ತಪ್ಪು ಮಾಡೀನಿ ಅಂತ ಒಮ್ಮೆ ಕೇಳವಾ ಅವನ್ನ. ಬ್ಯಾಡ ಅಂದಿದ್ನಿ. ಬ್ಯಾಡ ಅಂದಿದ್ದೇ ತಪ್ಪಾತೇನು? ನನ್ನ ಬಾಯೇ ತಾಕ್ತೇನು?"

ಜಡೆ ಅವಳ ಕೈಯಲ್ಲಿತ್ತು, ಹಾಗಾಗಿ ನನ್ನ ಮುಖ ಅವಳಿಗೆ ಕಾಣಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಕೇಳ್ತೀನಜ್ಜಿ," ಅಂದೆ. ಕೇಳಲಿಲ್ಲ. ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡಳು.

ನಾನೀಗ ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈಚೆಗೆ ನಮ್ಮ ಶಾಲೆಗೊಂದು ದುರ್ಬೀನು ಬಂತು. ಸೂರ್ಯನ ಕಲೆಗಳ ಫೋಟೋ ತೆಗೆಯೋಣ ಮೇಡಂ ಎಂದು ಮಕ್ಕಳು ದುಂಬಾಲು ಬಿದ್ದರು. ನನಗೆ ಧೈರ್ಯವಾಗದೆ ಪೆಟ್ಟಿಗೆ ಹೊತ್ತುಕೊಂಡು ಕಂಪ್ಲಿಗೆ, ಕಾಕಾನ ಅಂಗಡಿಗೆ ಹೋದೆ. ಅವನು ಖುಷಿಯಾಗಿ ಕೌಂಟರಿನ ಮೇಲೆಯೇ ಜೋಡಿಸಲು ಕೂತ. ಕಣ್ಣಿಗಿಂತ ಬೆರಳನ್ನೇ ನಂಬುವ ಅಭ್ಯಾಸವಾಗಿತ್ತು ಅವನಿಗೆ.

"ಮೊದ್ಲು ಮುಂದಿನ ಫಿಲ್ಟರ್, ಆಮ್ಯಾಲೆ ಹಿಂದಿನ ಕ್ಯಾಮೆರಾ. ಬಿಚ್ಚೋವಾಗ ತಿರುವುಮುರುವು, ಮುಂದಿನದು ಕಡೀಕ. ಕಣ್ಣಿಡೋ ಮೊದ್ಲು ಪ್ರತಿ ಸಲ ಹಿಂಗ ಬೆರಳಾಡ್ಸಿ ನೋಡಬೇಕು," ಎಂದು ಮುಚ್ಚಳದ ಅಂಚಿನ ಸುತ್ತ ಬೆರಳು ಆಡಿಸಿದ. "ನಡುವ ಏನೂ ಸಿಕ್ಕೊಂಡಿರಬಾರ್ದು. ಒಂದು ಎಳಿ ಗರಿಕಿ ಇದ್ರ ಸಾಕು."

ನಾನು ತಟ್ಟನೆ ಕೇಳಿದೆ, "ಗರಿಕಿ ಅಂತ ನಿನಗ್ಯಾರು ಹೇಳಿದ್ರು?"

"ಅವತ್ತು ಸಂಜಿಕ ಬಿಚ್ಚೋವಾಗ ಸಿಕ್ತಲ್ಲ. ಕೊಳವಿ ಬಾಯಿಗೆ ಅಂಟಿತ್ತು." ಮುಚ್ಚಳದ ಅಂಚಿನಿಂದ ಬೆರಳು ತೆಗೆದು ಅಂದ, "ಅವ್ವ ಇಟ್ಟಿದ್ಲು. ಬ್ಯಾಡ ಬ್ಯಾಡ ಅಂತ ಹಿಂದ ಬಿದ್ದಿದ್ಲಲ್ಲ. ಯಾರಿಗೂ ಹೇಳ್ಲಿಲ್ಲ ನಾನು. ಹೇಳಿದ್ರ ಎದಿ ಒಡಕೊಂಡು ಸಾಯ್ತಿದ್ಲು. ಆದ್ರ ಆಕಿ ಮುಖ ನೋಡಿದ್ರ ಸಿಟ್ಟು ತಡಿಯಾಕ ಆಗ್ತಿದ್ದಿಲ್ಲ ಪಂಪಿ."

"ಅಜ್ಜಿ ಅಲ್ಲ ಕಾಕಾ," ಅಂದೆ. "ನಾನು."

ಎಲ್ಲವನ್ನೂ ಹೇಳಿದೆ. ಟೇಪು, ಧೂಳು, ತಡೆದ ಆ ಒಂದು ಉಸಿರು. ಜೆರಾಕ್ಸ್ ಮೆಷಿನ್ನು ಯಾರದೋ ಆಧಾರ್ ಕಾರ್ಡಿನ ಪ್ರತಿಗಳನ್ನು ಒಂದೊಂದಾಗಿ ಹೊರಗೆ ಹಾಕುತ್ತಿತ್ತು. ಕಾಕಾ ಬಲಗಣ್ಣಿನ ನಡುವಿನ ಕಪ್ಪನ್ನು ತಪ್ಪಿಸಲು ಯಾರನ್ನೇ ನೋಡುವಾಗಲೂ ಅವರ ಕೊಂಚ ಪಕ್ಕಕ್ಕೆ ದೃಷ್ಟಿ ಇಡುತ್ತಾನೆ. ಹಾಗೆಯೇ ನನ್ನ ಕಿವಿಯ ಆಚೆ ಎಲ್ಲೋ ಬಹಳ ಹೊತ್ತು ನೋಡಿದ.

"ಅವ್ವಗ ಗೊತ್ತಿತ್ತೇನು?"

"ಇಲ್ಲ."

"ಸಾಯೋ ಮೊದ್ಲು ದವಾಖಾನಿಯಾಗ ಕೈ ಹಿಡ್ಕೊಂಡು ಕೇಳಿದ್ಲಲೇ ನನ್ನ. ನಾ ಏನು ಮಾಡೀನೋ ಬಸ್ಯಾ, ಹೇಳೋ ಅಂತ. ನಾ ಕೈ ಬಿಡಿಸ್ಕೊಂಡ್ನಿ."

ಅವನು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ದುರ್ಬೀನನ್ನು ಬಿಚ್ಚಿ, ಮುಂದಿನ ಮುಚ್ಚಳವನ್ನು ಕಡೆಗೆ ತೆಗೆದು, ಎಲ್ಲವನ್ನೂ ಪೆಟ್ಟಿಗೆಯಲ್ಲಿ ಜೋಡಿಸಿ ನನ್ನ ಕಡೆ ತಳ್ಳಿದ. ನಾನು ಎದ್ದಾಗ ಒಂದು ಮಾತು ಹೇಳಿದ.

"ಮಕ್ಕಳಿಗೆ ಕಾಲು ಮುರೀತೀನಿ ಅಂತ ಹೆದರಿಸಬ್ಯಾಡ. ಬೈತಾರ ಅಂತ ಗೊತ್ತಾದ್ರ ಅವು ಬಾಯಿ ಬಿಡಂಗಿಲ್ಲ."

ಈಗ ಸಂಡೂರು ರಸ್ತೆಯಲ್ಲಿ ಮೊದಲಿನಷ್ಟು ಲಾರಿಗಳಿಲ್ಲ, ಬೇವಿನ ಎಲೆ ಮತ್ತೆ ಹಸಿರಾಗಿದೆ. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂದಿದೆ, ಬೆಳಕಿಂಡಿ ಇದ್ದ ಜಾಗಕ್ಕೆ ಫ್ಯಾನು ತೂಗುತ್ತಿದೆ. ಹೋದದ್ದು ಏನೆಂದು ಯಾರಾದರೂ ಕೇಳಿದರೆ ಕಾಕಾನ ಕಣ್ಣು ಎನ್ನುತ್ತೇವೆ. ಅದು ಎಳ್ಳುಕಾಳಷ್ಟು. ಒಬ್ಬ ತಾಯಿ ತನ್ನ ಮಗನಿಗೆ ಬಡಿಸಬೇಕಿದ್ದ ಹತ್ತು ಸಂಕ್ರಾಂತಿಯ ಹೋಳಿಗೆಗಳನ್ನು ಕಸಿದುಕೊಂಡದ್ದು ಗ್ರಹಣವಲ್ಲ, ನಾನು ಎಂದು ಇಷ್ಟು ದಿನ ಎಲ್ಲಿಯೂ ಹೇಳಿರಲಿಲ್ಲ.